ಟಿಕೆಟ್ಟಿನಲ್ಲಿ ಕಾಣದ ತಾಸುಗಳು

ಪ್ರೀತಿಯ ತಮ್ಮಾ,

ನೀನು ಓದಲು ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿರುವುದಕ್ಕೆ ನಮ್ಮೂರು ಬಿಂಕದಕಟ್ಟಿಯವರಿಗೆಲ್ಲ ಹಿಗ್ಗು. ಟಿಕೆಟ್ ತೆಗೆಸುವ ಮೊದಲು ನನ್ನದೊಂದು ಮಾತು ಕೇಳು. ಪ್ರಯಾಣದ ಲೆಕ್ಕವನ್ನು ನಿಮ್ಮ ಮನೆಯ ಹೊಸ್ತಿಲಿನಿಂದ ಹಿಡಿ, ವಿಮಾನ ನಿಲ್ದಾಣದಿಂದಲ್ಲ.

ಬೆಂಗಳೂರಿನಿಂದ ಅಲ್ಲಿಗೆ ನೇರ ದೂರ ಸುಮಾರು 14,000 ಕಿ.ಮೀ. ಭೂಮಿಯ ಸುತ್ತಳತೆಯೇ 40,000 ಕಿ.ಮೀ. ಗೋಡೆಯ ನಕಾಶೆಯಲ್ಲಿ ಗೆರೆ ಎಳೆದರೆ ಈ ದಾರಿ ಸಿಗುವುದಿಲ್ಲ. ಶಾಲೆಯ ಗೋಳದ ಮೇಲೆ ಎರಡೂ ಊರಿಗೆ ದಾರ ಬಿಗಿದು ನೋಡು. ಅದು ಉತ್ತರಕ್ಕೆ ಏರಿ ಸೈಬೀರಿಯಾ, ಅಲಾಸ್ಕಾಗಳನ್ನು ಹಾಯ್ದು ಇಳಿಯುತ್ತದೆ. 2021ರ ಜನವರಿ 9ರಂದು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಏರ್ ಇಂಡಿಯಾ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದರು. ಹಾರಾಟ ಸುಮಾರು 17 ತಾಸು, ಇಳಿದದ್ದು ಮಾತ್ರ 11ನೇ ತಾರೀಖಿನ ನಸುಕಿನಲ್ಲಿ!

ಕಾರಣ, ಸ್ಯಾನ್ ಫ್ರಾನ್ಸಿಸ್ಕೊದ ಚಳಿಗಾಲದ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ತಾಸು ಹಿಂದಿರುತ್ತದೆ. ಹೀಗಾಗಿ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು 16 ತಾಸು ಹಾರಿದರೂ, ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆ. ಟಿಕೆಟ್ ನೋಡಿದವರಿಗೆ ಎರಡೂವರೆ ತಾಸಿನ ದಾರಿ ಅನಿಸೀತು. ಮೈ ಮಾತ್ರ ಎಲ್ಲ ತಾಸನ್ನೂ ಅನುಭವಿಸಿರುತ್ತದೆ. ತಲುಪಿದ ಮರುದಿನವೇ ಕಾಲೇಜಿನ ಮಹತ್ವದ ಕೆಲಸ ಇಟ್ಟುಕೊಳ್ಳಬೇಡ. ಹೋಗುವ, ಬರುವ ಹೊತ್ತೂ ಒಂದೇ ಇರುವುದಿಲ್ಲ. ಎತ್ತರದಲ್ಲಿ ಬೀಸುವ ಪಶ್ಚಿಮದ ಗಾಳಿ ಪೂರ್ವಕ್ಕೆ ಹಾರುವ ವಿಮಾನವನ್ನು ತಳ್ಳುತ್ತದೆ, ಎದುರು ಬರುವುದನ್ನು ತಡೆಯುತ್ತದೆ.

ನೇರ ವಿಮಾನ ಎಲ್ಲ ಕಾಲಕ್ಕೂ ಇರುವುದಿಲ್ಲ. ದುಬೈನಂಥ ಊರಲ್ಲಿ ಬದಲಾಯಿಸಬೇಕಾದರೆ ಮೊದಲಿಂದ ಕೊನೆವರೆಗೆ ಒಂದೇ ಟಿಕೆಟ್ ಇರಲಿ. ನನಗೆ ಹೆಚ್ಚು ಚಿಂತೆ ನಮ್ಮ ಕಡೆಯ ದಾರಿಯದೇ. ಹುಬ್ಬಳ್ಳಿಯ ವಿಮಾನ ಬೆಂಗಳೂರಿಗೆ ತಾಸಿನ ಹಾದಿ ನಿಜ. ಮಳೆಗಾಲದಲ್ಲಿ ಅದು ತಡವಾಗಿ, ಬೇರೆ ಟಿಕೆಟ್ಟಿನ ದೊಡ್ಡ ವಿಮಾನ ತಪ್ಪಿದರೆ ಆ ರೊಕ್ಕ ವಾಪಸು ಬರುವುದು ಕಷ್ಟ. ಒಂದು ದಿನ ಮೊದಲೇ ಗದಗಿನಿಂದ ರೈಲು ಹಿಡಿದು ಬೆಂಗಳೂರು ಸೇರು, ಬಂಧುಗಳ ಮನೆಯಲ್ಲಿ ನಿದ್ದೆ ಮಾಡು. ದೇವನಹಳ್ಳಿಯ ವಿಮಾನ ನಿಲ್ದಾಣ ಬೆಂಗಳೂರು ಊರಿನಿಂದ ದೂರ. ಟ್ರಾಫಿಕ್ಕಿನ ಹೊತ್ತು ಸೇರಿಸಿಕೊಂಡು, ವಿಮಾನ ಏರುವ ಮೂರು ತಾಸು ಮೊದಲು ಅಲ್ಲಿರು.

ಅವ್ವನಿಗೆ ಫೋನ್ ಮಾಡುವ ಹೊತ್ತನ್ನು ಈಗಲೇ ಗೊತ್ತು ಮಾಡಿಕೊ. ಇಲ್ಲಿ ರಾತ್ರಿ ಒಂಬತ್ತೂವರೆಯಾದಾಗ ಅಲ್ಲಿ ಬೆಳಿಗ್ಗೆ 8. ಮಾರ್ಚಿನ ಎರಡನೇ ಭಾನುವಾರ ಅಲ್ಲಿಯ ಗಡಿಯಾರವನ್ನು ಒಂದು ತಾಸು ಮುಂದೆ ಇಡುತ್ತಾರೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಅದನ್ನೂ ಅವಳಿಗೆ ಹೇಳಿ ಹೋಗು, ಇಲ್ಲದಿದ್ದರೆ ಫೋನ್ ಬರಲಿಲ್ಲವೆಂದು ಒಂದು ತಾಸು ಗಾಬರಿಯಾಗಿ ಕೂತಾಳು.

ನಿನ್ನ ಕಾಕಾ