ರಜೆ ಸಿಗದವರ ಕಣ್ಣು

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಡೆಯಿಂದ ಬರುವ ಕಣ್ಣಿನ ಪ್ರಶ್ನೆಗಳಿಗೆಲ್ಲ ಒಂದು ಬಾಲ ಇದ್ದೇ ಇರುತ್ತದೆ. ಶುಗರ್ ಇರಲಿ, ಪೊರೆ ಇರಲಿ, ಕೊನೆಯ ಸಾಲು ಮಾತ್ರ ಒಂದೇ: ‘ಇದಕ್ಕೆ ಎಷ್ಟು ದಿನ ರಜೆ ಹಾಕಬೇಕಾಗುತ್ತೆ ಡಾಕ್ಟ್ರೇ?’ ಕಣ್ಣಿನ ಚಿಕಿತ್ಸೆಯ ಹೊಸ ಸುದ್ದಿಗಳು ವಾರಕ್ಕೊಂದರಂತೆ ಬರುತ್ತಿರುವ ಕಾಲ ಇದು. ಜೀನ್ ಚಿಕಿತ್ಸೆ, ಕಣ್ಣೊಳಗೆ ಕೂರಿಸುವ ಚಿಪ್, ರೋಗ ಹೇಳುವ ಕಂಪ್ಯೂಟರ್ ಎಲ್ಲವೂ ಪತ್ರಿಕೆಯಲ್ಲಿವೆ. ಶಿಫ್ಟಿಗೆ ಹೋಗುವವರಿಗೆ ಇವುಗಳಲ್ಲಿ ಯಾವುದು ಒದಗುತ್ತದೆ ಎಂಬುದು ಬೇರೆಯೇ ಲೆಕ್ಕ. ಈ ಸಲದ ಉತ್ತರಗಳನ್ನು ಆ ಲೆಕ್ಕದಲ್ಲೇ ಬರೆಯಲಾಗಿದೆ.

ಪ್ರಶ್ನೆ: ವಯಸ್ಸು 46. ಹಾರೋಹಳ್ಳಿ ಎರಡನೇ ಹಂತದಲ್ಲಿ ಮೆಷಿನ್ ಆಪರೇಟರ್. ಒಂಬತ್ತು ವರ್ಷದಿಂದ ಶುಗರ್ ಇದೆ. ಕ್ಯಾಂಪ್‌ನಲ್ಲಿ ಮೊಬೈಲ್ ಹಿಡಿದು ಕಣ್ಣಿನ ಫೋಟೊ ತೆಗೆದು, ದೊಡ್ಡಾಸ್ಪತ್ರೆಗೆ ಹೋಗಿ ಎಂದು ಚೀಟಿ ಕೊಟ್ಟರು. ನನಗೆ ಕಣ್ಣು ಚೆನ್ನಾಗೇ ಕಾಣುತ್ತಿದೆ. ಮೊಬೈಲ್ ಮಾತು ನಂಬಬಹುದೇ?

ಉತ್ತರ: ನಂಬಬೇಕು. ಆದರೆ ಅದು ಹೇಳಿದಷ್ಟನ್ನು ಮಾತ್ರ. ಚರ್ಮ ಕೊಯ್ಯದೆ ರಕ್ತನಾಳವನ್ನು ನೇರವಾಗಿ ನೋಡಲು ಸಿಗುವ ಜಾಗ ದೇಹದಲ್ಲಿ ಒಂದೇ, ಕಣ್ಣಿನ ಹಿಂಭಾಗದ ಪರದೆ, ಅಂದರೆ ರೆಟಿನಾ. ಸಕ್ಕರೆ ಕಾಯಿಲೆ ಅಲ್ಲಿನ ಕೂದಲೆಳೆಯಂಥ ನಾಳಗಳನ್ನು ಸೋರುವಂತೆ ಮಾಡುತ್ತದೆ. ಸೋರಿಕೆ ನಟ್ಟನಡುವಿನ ಮ್ಯಾಕುಲಾವನ್ನು ಮುಟ್ಟುವವರೆಗೆ ದೃಷ್ಟಿಗೆ ಏನೂ ಆಗಿರುವುದಿಲ್ಲ. ಕ್ಯಾಲೆಂಡರ್‌ನ ಸಣ್ಣಕ್ಷರವನ್ನೂ ಓದುವವರ ಕಣ್ಣಲ್ಲಿ ರಕ್ತದ ಚುಕ್ಕೆಗಳು ತುಂಬಿರುವುದು ಅಪರೂಪವೇನಲ್ಲ.

ಆ ಮೊಬೈಲ್ ಕ್ಯಾಮೆರಾದ ಕಥೆಯೂ ನಮ್ಮ ಪಕ್ಕದೂರಿನದೇ. ಮೊಬೈಲಿಗೆ ಲೆನ್ಸ್ ಜೋಡಿಸಿ ರೆಟಿನಾ ಚಿತ್ರ ತೆಗೆಯುವ ಉಪಕರಣ ಮಾಡಿದ ರೆಮಿಡಿಯೊ, ಒಯ್ಯಬಹುದಾದ ‘3ನೇತ್ರ’ ಕ್ಯಾಮೆರಾ ಮಾಡಿದ ಫೋರಸ್ ಹೆಲ್ತ್, ಎರಡೂ ಬೆಂಗಳೂರಿನ ಕಂಪನಿಗಳು. ಚಿತ್ರ ನೋಡಿ ರೋಗದ ಗುರುತು ಹಿಡಿಯುವ ಕೃತಕ ಬುದ್ಧಿಮತ್ತೆಗೆ ಅಮೆರಿಕದ ಔಷಧ ನಿಯಂತ್ರಕರು 2018ರಲ್ಲಿ ಮೊದಲ ಸಲ ಒಪ್ಪಿಗೆ ಕೊಟ್ಟರು. ಇಂಟರ್‌ನೆಟ್ ಇಲ್ಲದೆ ಮೊಬೈಲಿನಲ್ಲೇ ಈ ಕೆಲಸ ಮಾಡುವ ರೆಮಿಡಿಯೊ ವ್ಯವಸ್ಥೆಯನ್ನು ಮುಂಬೈ ಮಹಾನಗರ ಪಾಲಿಕೆಯ ದವಾಖಾನೆಗಳಲ್ಲಿ ಪರೀಕ್ಷಿಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಚಿಕಿತ್ಸೆ ಬೇಕಾದವರನ್ನು ಅದು ಕೈಬಿಡಲಿಲ್ಲ. ಆರೋಗ್ಯವಾಗಿದ್ದ ಕೆಲವರನ್ನೂ ಆಸ್ಪತ್ರೆಗೆ ಕಳಿಸಿತು, ಅಷ್ಟೆ. ಜರಡಿಗೆ ಇರಬೇಕಾದ ಗುಣ ಅದೇ.

ಹಾಗಾಗಿ ಇವರ ಕೈಯಲ್ಲಿರುವ ಚೀಟಿ ತೀರ್ಪಲ್ಲ, ಕರೆಯೋಲೆ. 40 ದಾಟಿದವರನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ‘ಸ್ಮಾರ್ಟ್ ಇಂಡಿಯಾ’ ಅಧ್ಯಯನದ ಪ್ರಕಾರ ಸಕ್ಕರೆ ಕಾಯಿಲೆ ಇರುವ ನೂರು ಜನರಲ್ಲಿ ಹನ್ನೆರಡು ಹದಿಮೂರು ಮಂದಿಗೆ ರೆಟಿನಾ ತೊಂದರೆ ಇದೆ. ನಾಲ್ವರಿಗೆ ದೃಷ್ಟಿಯೇ ಹೋಗಬಹುದಾದ ಹಂತ. ಸಂಖ್ಯೆ ಸಣ್ಣದು ಅನ್ನಿಸಬಹುದು. ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ ಎಂದು 2023ರಲ್ಲಿ ಐಸಿಎಂಆರ್ ಬೆಂಬಲದ ಸಮೀಕ್ಷೆ ಹೇಳಿದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ ಹಾಗೆನ್ನಿಸುವುದಿಲ್ಲ. ‘ಮುದ್ದೆ ತಿನ್ನುವವರಿಗೆ ಶುಗರ್ ಕಣ್ಣಿಗೆ ಬರಲ್ಲ’ ಎಂಬ ಮಾತು ಈ ಸೀಮೆಯಲ್ಲಿ ಆಗಾಗ ಕೇಳುತ್ತದೆ. ಬರುತ್ತದೆ.

ಒಂದು ಹೊಸ ವಿಷಯ ಇವರ ಕಿವಿಗೆ ಬೀಳಬೇಕು. ರಕ್ತದ ಕೊಬ್ಬಿಗೆ ಕೊಡುವ ಫೆನೊಫೈಬ್ರೇಟ್ ಎಂಬ ಹಳೆಯ ಮಾತ್ರೆಯನ್ನು ಸ್ಕಾಟ್ಲೆಂಡಿನ 1,151 ಜನರ ಮೇಲೆ ಪರೀಕ್ಷಿಸಿದಾಗ, ಆರಂಭದ ಹಂತದ ರೆಟಿನಾ ರೋಗ ಮುಂದುವರಿಯುವ ಸಂಭವ 27% ಕಡಿಮೆಯಾಯಿತು. ಇದು 2024ರ ಫಲಿತಾಂಶ. ಮೂತ್ರಪಿಂಡದ ಪರೀಕ್ಷೆ ನೋಡಿಯೇ ಕೊಡಬೇಕಾದ ಮಾತ್ರೆ ಇದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವುದಲ್ಲ, ಡಾಕ್ಟರ ಮುಂದೆ ಹೆಸರೆತ್ತಬಹುದು.

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ. ಶುಗರ್‌ನಿಂದ ಕಣ್ಣು ಊದಿದೆ ಎಂದು ತಿಂಗಳಿಗೊಂದು ಇಂಜೆಕ್ಷನ್ ಕಣ್ಣಿಗೇ ಹಾಕುತ್ತಿದ್ದಾರೆ. ಮೂರು ಆಯಿತು. ಕಂಟ್ರಾಕ್ಟ್ ಕೆಲಸ, ರಜೆ ಹಾಕಿದರೆ ಸಂಬಳ ಹಿಡಿಯುತ್ತಾರೆ. ನಾಲ್ಕು ತಿಂಗಳಿಗೊಂದು ಹಾಕುವ ಔಷಧ ಬಂದಿದೆಯಂತೆ, ನಿಜವೇ? ಲೇಸರ್ ಮಾಡಿಸಿ ಒಂದೇ ಸಲಕ್ಕೆ ಮುಗಿಸಬಹುದೇ?

ಉತ್ತರ: ಇಡೀ ಅಂಕಣದಲ್ಲಿ ಹೆಚ್ಚು ಜಾಗ ಬೇಡುವ ಪ್ರಶ್ನೆ ಇದು. ಹಸಿದ ರೆಟಿನಾ ವಿಇಜಿಎಫ್ ಎಂಬ ರಾಸಾಯನಿಕವನ್ನು ಸ್ರವಿಸುತ್ತದೆ. ಅದರಿಂದ ನಾಳ ಸೋರುತ್ತದೆ, ಬೇಡದ ಹೊಸ ನಾಳ ಚಿಗುರುತ್ತದೆ. ಇಂಜೆಕ್ಷನ್ ಮಾಡುವುದು ಆ ರಾಸಾಯನಿಕವನ್ನು ಹಿಡಿದು ಕಟ್ಟಿಹಾಕುವ ಕೆಲಸ. ಔಷಧ ಕರಗಿದ ಮೇಲೆ ಸೋರಿಕೆ ಮರಳುತ್ತದೆ. ತಿಂಗಳ ಪಾಳಿ ಹುಟ್ಟಿದ್ದು ಹೀಗೆ.

ರಾನಿಬಿಜುಮ್ಯಾಬ್ 2006ರಲ್ಲಿ ಬಂತು, ಅಫ್ಲಿಬರ್ಸೆಪ್ಟ್ 2011ರಲ್ಲಿ. ಕರುಳಿನ ಕ್ಯಾನ್ಸರಿಗೆಂದು ಬಂದ ಬೆವಾಸಿಜುಮ್ಯಾಬ್ ಬಹಳ ಅಗ್ಗ. ವಯಸ್ಸಾದವರ ಮ್ಯಾಕುಲಾ ರೋಗದಲ್ಲಿ ಅದು ದುಬಾರಿ ರಾನಿಬಿಜುಮ್ಯಾಬ್‌ಗೆ ಸಮ ಎಂದು 2011ರಲ್ಲೇ ದೊಡ್ಡ ಪರೀಕ್ಷೆಯೊಂದು ತೋರಿಸಿತು. ರಾನಿಬಿಜುಮ್ಯಾಬ್‌ಗೆ ಸಮನಾದ ಅಗ್ಗದ ಔಷಧವನ್ನು ಜಗತ್ತಿನಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು ಭಾರತ, 2015ರಲ್ಲಿ. ಇವರು ಕೇಳಿರುವ ‘ನಾಲ್ಕು ತಿಂಗಳ’ ಔಷಧ ಬಹುಶಃ ಫಾರಿಸಿಮ್ಯಾಬ್. ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಪಡೆದ ಇದು ಒಂದರ ಬದಲು ಎರಡು ರಾಸಾಯನಿಕಗಳನ್ನು ತಡೆಯುತ್ತದೆ. ಪರೀಕ್ಷೆಗಳಲ್ಲಿ ಸಕ್ಕರೆ ಕಾಯಿಲೆಯ ಊತ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವರ್ಷ ಮುಗಿಯುವ ಹೊತ್ತಿಗೆ 16 ವಾರಕ್ಕೊಂದು ಇಂಜೆಕ್ಷನ್ನಿಗೆ ಬಂದರು. ನಾಲ್ಕು ಪಟ್ಟು ಗಟ್ಟಿಯಾದ 8 ಮಿಲಿಗ್ರಾಂ ಅಫ್ಲಿಬರ್ಸೆಪ್ಟ್ 2023ರಲ್ಲಿ ಬಂತು. ಅದರ ಗುರಿಯೂ ಅದೇ ಅಂತರ. ಆದರೆ ಯಾವುದನ್ನೇ ಹಾಕಿದರೂ ಮೊದಲ ಕೆಲವು ಡೋಸು ತಿಂಗಳಿಗೊಂದೇ. ಆಮೇಲಷ್ಟೇ ಅಂತರ ಹಿಗ್ಗುತ್ತದೆ, ಅದೂ ಎಲ್ಲರಿಗಲ್ಲ. ಬೆಲೆ ಕೇಳಿದರೆ, ಉಳಿಸಿದ ರಜೆಯ ಸಂಬಳ ಅದಕ್ಕೆ ಸಾಲದು ಎಂದು ಅನೇಕರಿಗೆ ಅನ್ನಿಸಬಹುದು. ಬೆವಾಸಿಜುಮ್ಯಾಬನ್ನೇ ಹಾಕುತ್ತ, ಸ್ಕ್ಯಾನ್ ನೋಡಿ ಎರಡೆರಡು ವಾರ ಅಂತರ ಹೆಚ್ಚಿಸುತ್ತ ಹೋಗುವ ಪದ್ಧತಿಯೂ ಇದೆ. ಇವರು ಮೊದಲು ಕೇಳಬೇಕಾದ್ದು ಅದನ್ನೇ.

ಕಣ್ಣಿನ ಬಿಳಿಭಾಗದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಔಷಧದ ತೊಟ್ಟಿ ಹೂತು, ಆರು ತಿಂಗಳಿಗೊಮ್ಮೆ ತುಂಬುವ ಉಪಾಯವೂ ಬಂದಿದೆ. ಅದರ ಚರಿತ್ರೆ ಹೊಸತಿಗೆ ಹಾತೊರೆಯುವವರಿಗೆ ಒಂದು ಪಾಠ. 2021ರಲ್ಲಿ ಒಪ್ಪಿಗೆ, 2022ರಲ್ಲಿ ಮುಚ್ಚಳದ ದೋಷವೆಂದು ಕಂಪನಿಯೇ ವಾಪಸು, ತಿದ್ದಿ 2024ರಲ್ಲಿ ಮತ್ತೆ ಅಮೆರಿಕದ ಮಾರುಕಟ್ಟೆಗೆ.

ಇನ್ನು ಲೇಸರ್. ಮ್ಯಾಕುಲಾದ ಊತಕ್ಕೆ ಇಂದು ಇಂಜೆಕ್ಷನ್ನೇ ಮೊದಲು. ಆದರೆ ರೋಗ ಬೆಳೆದು ಬೇಡದ ಹೊಸ ನಾಳ ಹುಟ್ಟಿರುವ ಕಣ್ಣಿನಲ್ಲಿ ಲೇಸರ್ ಹಳೆಯದಾಗಿಲ್ಲ. ಇಂಜೆಕ್ಷನ್ ಮಾತ್ರ ಪಡೆದು ಆರು ತಿಂಗಳಿಗೂ ಹೆಚ್ಚು ಕಾಲ ಕಾಣೆಯಾದವರ ಕಣ್ಣು, ಲೇಸರ್ ಮಾಡಿಸಿಕೊಂಡು ಕಾಣೆಯಾದವರ ಕಣ್ಣಿಗಿಂತ ಹೆಚ್ಚು ಕೆಟ್ಟಿತ್ತು. ರೆಟಿನಾ ಎಳೆದು ಕಿತ್ತುಬರುವುದೂ ಅವರಲ್ಲೇ ಹೆಚ್ಚು. ಅಮೆರಿಕದ ಫಿಲಡೆಲ್ಫಿಯಾದಿಂದ 2019ರಲ್ಲಿ ಬಂದ ವರದಿ ಇದು. ಲೇಸರ್‌ನಿಂದ ಅಂಚಿನ ನೋಟ, ರಾತ್ರಿಯ ನೋಟ ಸ್ವಲ್ಪ ಮಂಕಾಗುತ್ತದೆ. ರಾತ್ರಿ ಪಾಳಿಯವರಿಗೆ ಅದನ್ನು ಮೊದಲೇ ಹೇಳಬೇಕು. ಆದರೆ ತಪ್ಪದೆ ಬರಲಾಗದವರಿಗೆ ಡಾಕ್ಟರು ಲೇಸರ್ ಸೂಚಿಸಿದರೆ ಅದು ಬಡವರ ಚಿಕಿತ್ಸೆ ಎಂದು ಬೇಸರಪಡಬೇಕಿಲ್ಲ. ‘ಪ್ರತಿ ತಿಂಗಳು ಬರಲು ನನ್ನಿಂದ ಆಗುವುದಿಲ್ಲ’ ಎಂದು ಯಜಮಾನರು ಬಾಯಿಬಿಟ್ಟು ಹೇಳುವುದೂ ರೋಗದ ವಿವರವೇ. ಅದನ್ನು ಮುಚ್ಚಿಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ.

ಇನ್ನೊಂದು ಮಾತು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ಕಂಟ್ರಾಕ್ಟ್ ಕಾರ್ಮಿಕರಿಗೂ ಇಎಸ್‌ಐ ಅನ್ವಯಿಸುತ್ತದೆ. ಡಿಸ್ಪೆನ್ಸರಿಯಿಂದ ಚೀಟಿ ಪಡೆದು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋಗಬಹುದು. ಸಂಬಳದ ಚೀಟಿಯಲ್ಲಿ 0.75% ಕಡಿತವಾಗುತ್ತಿದ್ದರೆ ಆ ಹಕ್ಕಿಗೆ ದುಡ್ಡು ಕಟ್ಟುತ್ತಿರುವವರು ಅವರೇ.

ಪ್ರಶ್ನೆ: ಕೆಮಿಕಲ್ ಕಾರ್ಖಾನೆಯಲ್ಲಿ ತಮ್ಮನ ಒಂದು ಕಣ್ಣಿಗೆ ಕಾಸ್ಟಿಕ್ ಸೋಡಾ ಸಿಡಿದು ಎರಡು ವರ್ಷ ಆಯಿತು. ಕಪ್ಪುಗುಡ್ಡೆ ಬೆಳ್ಳಗಾಗಿದೆ. ಯಾರದೋ ಕಣ್ಣು ದಾನ ಸಿಕ್ಕರೆ ಸರಿಹೋಗುತ್ತದೆಯೇ?

ಉತ್ತರ: ದಾನದ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ಒಂದೇ ಸಾಲದು. ಕರಿಗುಡ್ಡೆಯ ಅಂಚಿನಲ್ಲಿ ಅದರ ಮೇಲ್ಪದರವನ್ನು ಜೀವನಪೂರ್ತಿ ಹೊಸದಾಗಿ ಬೆಳೆಸುತ್ತಿರುವ ಕಾಂಡಕೋಶಗಳಿವೆ. ಕ್ಷಾರ ಅವುಗಳನ್ನೇ ಸುಟ್ಟಿದ್ದರೆ ಕಸಿ ಮಾಡಿದ ಕಾರ್ನಿಯಾವೂ ಬೆಳ್ಳಗಾಗುತ್ತದೆ. ಇದಕ್ಕೆ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ಡಾ. ವೀರೇಂದರ್ ಸಾಂಗ್ವಾನ್ ಮತ್ತು ಜೊತೆಗಾರರು ರೂಪಿಸಿ 2012ರಲ್ಲಿ ಪ್ರಕಟಿಸಿದ ‘ಸ್ಲೆಟ್’ ಶಸ್ತ್ರಚಿಕಿತ್ಸೆ ಇದೆ. ಚೆನ್ನಾಗಿರುವ ಇನ್ನೊಂದು ಕಣ್ಣಿನಿಂದ 2 ಮಿಲಿಮೀಟರ್ ಚದರದ ಚೂರು ತೆಗೆದು, ಸಣ್ಣ ಸಣ್ಣದಾಗಿ ಹೆಚ್ಚಿ, ಕೆಟ್ಟ ಕಣ್ಣಿನ ಮೇಲೆ ಹರಡಿ ಅಂಟಿಸುತ್ತಾರೆ. ಪೈರು ನಾಟಿ ಮಾಡಿದಂತೆ. ಕೋಶ ಬೆಳೆಸಲು ದುಬಾರಿ ಪ್ರಯೋಗಾಲಯ ಬೇಡ, ಅದೇ ಇದರ ಹೆಚ್ಚುಗಾರಿಕೆ. ತಮ್ಮನ ಒಂದು ಕಣ್ಣು ಚೆನ್ನಾಗಿದೆ ಅಂದಮೇಲೆ ಕಾರ್ನಿಯಾ ತಜ್ಞರನ್ನು ಕಾಣಲು ಇದೇ ಕಾರಣ ಸಾಕು.

ಇಂಥ ಕಾರ್ಖಾನೆಯಲ್ಲಿ ದುಡಿಯುವ ಉಳಿದವರಿಗೆ: ಕಣ್ಣಿಗೆ ಕ್ಷಾರ, ಸುಣ್ಣ, ಸಿಮೆಂಟು ಬಿದ್ದರೆ ಮೊದಲು ಆಂಬುಲೆನ್ಸ್ ಅಲ್ಲ, ನಲ್ಲಿ. ರೆಪ್ಪೆ ಬಿಡಿಸಿ ಅರ್ಧ ಗಂಟೆ ತೊಳೆದು ಆಮೇಲೆ ಗಾಡಿ ಹತ್ತುವುದು.

ಪ್ರಶ್ನೆ: ಚನ್ನಪಟ್ಟಣದಲ್ಲಿ ನಲವತ್ತು ವರ್ಷದಿಂದ ಗೊಂಬೆ ಕಡೆಯುವ ಕೆಲಸ. ಈಗ 69. ನೆಟ್ಟಗೆ ಕಡೆದ ಕೋಲು ನಡುವೆ ಸೊಟ್ಟ ಕಾಣುತ್ತಿದೆ. ಪೊರೆಯೇ?

ಉತ್ತರ: ಪೊರೆ ಬಂದರೆ ಮಂಜಾಗುತ್ತದೆ, ಸೊಟ್ಟಗಾಗುವುದಿಲ್ಲ. ನೇರ ಗೆರೆ ಬಾಗಿ ಕಂಡರೆ ಮ್ಯಾಕುಲಾದ ಕೆಳಗೆ ನೀರೋ ರಕ್ತವೋ ಸೇರಿರಬಹುದು. ವಯಸ್ಸಿನ ಮ್ಯಾಕುಲಾ ರೋಗದ ‘ಒದ್ದೆ’ ರೂಪ ಹಾಗೇ ಶುರುವಾಗುವುದು. ಇದು ಮುಂದಿನ ತಿಂಗಳಿಗೆ ಹಾಕುವ ವಿಷಯವಲ್ಲ, ಈ ವಾರವೇ ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಆಗಬೇಕು. ಹತ್ತು ನಿಮಿಷದ, ನೋವಿಲ್ಲದ ಪರೀಕ್ಷೆ.

ಮನೆಯಲ್ಲಿ ಕೂತೇ ಈ ಸ್ಕ್ಯಾನ್ ಮಾಡಿಕೊಳ್ಳುವ ಯಂತ್ರಕ್ಕೆ ಅಮೆರಿಕ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಚನ್ನಪಟ್ಟಣಕ್ಕೆ ಬರುವವರೆಗೆ ಬಚ್ಚಲುಮನೆಯ ಟೈಲ್ಸ್ ಸಾಕು. ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಟೈಲ್ಸಿನ ಗೆರೆ ನೆಟ್ಟಗಿದೆಯೇ ಎಂದು ವಾರಕ್ಕೊಮ್ಮೆ ನೋಡಿಕೊಳ್ಳುವುದು. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟದ್ದರ ತಪ್ಪನ್ನು ಮುಚ್ಚಿಹಾಕುತ್ತದೆ. ಬೀಡಿ ಸೇದುತ್ತಿದ್ದರೆ ಇಂದೇ ಬಿಡಬೇಕು.

ಚಿಪ್ಪಿನ ಸುದ್ದಿ ಓದಿದವರೂ ಇದ್ದಾರೆ. ರೆಟಿನಾದ ಕೆಳಗೆ 2 ಮಿಲಿಮೀಟರಿನ ಚಿಪ್ ಇಟ್ಟು, ಕನ್ನಡಕದ ಕ್ಯಾಮೆರಾದಿಂದ ಅದಕ್ಕೆ ಚಿತ್ರ ಕಳಿಸುವ ‘ಪ್ರೈಮಾ’ವನ್ನು ಯುರೋಪಿನಲ್ಲಿ 38 ಜನರಿಗೆ ಅಳವಡಿಸಲಾಯಿತು. ವರ್ಷದ ನಂತರ ಪರೀಕ್ಷೆಗೆ ಬಂದ 32 ಜನರಲ್ಲಿ 26 ಮಂದಿ ಮೊದಲಿಗಿಂತ ಹೆಚ್ಚು ಅಕ್ಷರ ಓದಿದರು ಎಂದು 2025ರ ಅಕ್ಟೋಬರ್‌ನಲ್ಲಿ ವರದಿಯಾಯಿತು. ಅದು ರೋಗದ ‘ಒಣ’ ರೂಪದಿಂದ ನಡುದೃಷ್ಟಿ ಪೂರ್ತಿ ಹೋದವರಿಗೆ. ಇವರು ಆ ಹಂತಕ್ಕೆ ಹೋಗದಿರಲು ಈ ವಾರ ಬಸ್ಸು ಹತ್ತಿದರಾಯಿತು.

ಪ್ರಶ್ನೆ: ರಾಮನಗರದಲ್ಲಿ ರೇಷ್ಮೆ ರೀಲರ್. ಅಣ್ಣನಿಗೆ ಗ್ಲಾಕೋಮಾ. ದಿನಾ ಡ್ರಾಪ್ಸ್ ಹಾಕದೆ ಗುಣವಾಗುವುದಿಲ್ಲವೇ?

ಉತ್ತರ: ಗ್ಲಾಕೋಮಾ ಹೋಗುವುದಿಲ್ಲ, ನಿಲ್ಲುತ್ತದೆ. ಕಣ್ಣೊಳಗಿನ ಒತ್ತಡ ಇಳಿಸಲು ಹನಿಯ ಬದಲು ಎಸ್‌ಎಲ್‌ಟಿ ಎಂಬ ಸೌಮ್ಯ ಲೇಸರ್‌ನಿಂದಲೇ ಶುರುಮಾಡಬಹುದೆಂದು ಬ್ರಿಟನ್ನಿನ ‘ಲೈಟ್’ ಪರೀಕ್ಷೆ 2019ರಲ್ಲಿ ತೋರಿಸಿತು. ಲೇಸರ್ ಮಾಡಿಸಿಕೊಂಡವರಲ್ಲಿ ಮುಕ್ಕಾಲು ಭಾಗದಷ್ಟು ಜನ ಮೂರು ವರ್ಷ ಹನಿಯಿಲ್ಲದೆ ಕಳೆದರು. ಕಣ್ಣೊಳಗಿನ ದ್ರವ ಹೊರಹೋಗುವ ಕೋನ ತೆರೆದಿರುವ ಗ್ಲಾಕೋಮಾಕ್ಕೆ ಮಾತ್ರ ಇದು. ನಮ್ಮಲ್ಲಿ ಕೋನ ಮುಚ್ಚುವ ಬಗೆಯೂ ಸಾಕಷ್ಟಿದೆ. ಕೇಳಿದ್ದು ಅಣ್ಣನ ವಿಷಯ, ಆದರೆ ಪರೀಕ್ಷೆ ಬಾಕಿ ಇರುವುದು ತಮ್ಮನಿಗೆ. ಒಡಹುಟ್ಟಿದವರಲ್ಲಿ ಇದ್ದರೆ ಅಪಾಯ ಹಲವು ಪಟ್ಟು.

ಪ್ರಶ್ನೆ: ಮಾಗಡಿ ಹತ್ತಿರದ ಹಳ್ಳಿ. ಮಗು ಏಳೂವರೆ ತಿಂಗಳಿಗೇ ಹುಟ್ಟಿ, 1,400 ಗ್ರಾಂ ಇತ್ತು. ಡಿಸ್ಚಾರ್ಜ್ ಮಾಡುವಾಗ ಕಣ್ಣು ತೋರಿಸಿ ಎಂದು ಬರೆದಿದ್ದಾರೆ. ಮಗು ಕಣ್ಣು ಬಿಟ್ಟು ನೋಡುತ್ತಿದೆ. ಮೂರು ತಿಂಗಳು ತುಂಬಿದ ಮೇಲೆ ಹೋದರೆ ಆಗದೇ?

ಉತ್ತರ: ಆಗದು. 34 ವಾರಕ್ಕೆ ಮೊದಲು ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ರೆಟಿನಾವನ್ನು 30 ದಿನ ತುಂಬುವುದರೊಳಗೆ ನೋಡಬೇಕು. ಇನ್ನೂ ಸಣ್ಣ ಮಗುವಾದರೆ ಅದಕ್ಕೂ ಬೇಗ. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ ಬರುವ ರೆಟಿನಾ ರೋಗ (ಆರ್‌ಓಪಿ) ಬಲಿತಿದ್ದರೆ ಎರಡು ಮೂರು ದಿನದೊಳಗೆ ಲೇಸರ್ ಆಗಬೇಕಾದೀತು. ಮೂರು ತಿಂಗಳು ಕಾದರೆ ರೆಟಿನಾ ಕಳಚಿ ಮಾಡಲು ಏನೂ ಉಳಿಯದಿರಬಹುದು.

ಈ ವಿಷಯದಲ್ಲಿ ಕರ್ನಾಟಕ ಜಗತ್ತಿಗೇ ದಾರಿ ತೋರಿಸಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಶುರುಮಾಡಿದ ‘ಕಿಡ್‌ರಾಪ್’ ಯೋಜನೆಯಲ್ಲಿ ವೈದ್ಯರಲ್ಲದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಹೋಗುತ್ತಾರೆ. ಚಿತ್ರ ಬೆಂಗಳೂರಿನ ತಜ್ಞರ ಮೊಬೈಲಿಗೆ ಬರುತ್ತದೆ. ಬಾಣಂತಿ ಊರು ಬಿಟ್ಟು ಅಲೆಯಬೇಕಿಲ್ಲ. ಮಗು ಹುಟ್ಟಿದ ಆಸ್ಪತ್ರೆಗೆ ಫೋನ್ ಮಾಡಿ, ಆರ್‌ಓಪಿ ತಪಾಸಣೆ ಯಾವ ದಿನ ಎಂದು ನಾಳೆ ಬೆಳಿಗ್ಗೆಯೇ ಕೇಳಬೇಕು.

ಕೊನೆಗೆ, ಎಲ್ಲ ಓದುಗರಿಗೂ ಸಲ್ಲುವ ಒಂದು ಸೂಚನೆ. ರೆಟಿನಾ ಪರೀಕ್ಷೆಗೆ ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ನಾಲ್ಕೈದು ಗಂಟೆ ಕಣ್ಣು ಮಂಜಾಗಿ, ಬಿಸಿಲು ಚುಚ್ಚುತ್ತದೆ. ಅವತ್ತು ಮೆಷಿನ್ ಮುಂದೆ ನಿಲ್ಲುವಂತಿಲ್ಲ. ಲಾರಿಗಳ ನಡುವೆ ಕನಕಪುರ ರಸ್ತೆಯಲ್ಲಿ ಬೈಕ್ ಓಡಿಸುವಂತೆಯೂ ಇಲ್ಲ. ಹಾರೋಹಳ್ಳಿಯಿಂದ ಬಸ್ಸಿನಲ್ಲಿ ರೇಷ್ಮೆ ಸಂಸ್ಥೆಯ ಮೆಟ್ರೊ ನಿಲ್ದಾಣಕ್ಕೆ ಬಂದು ಹಸಿರು ಮಾರ್ಗದ ರೈಲು ಹತ್ತಿದರೆ, ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಿಂದ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆಗೆ ನಡೆದೇ ಹೋಗಬಹುದು. ಜೊತೆಗೊಬ್ಬರು ಇರಲಿ, ಹಳೆಯ ಚೀಟಿಗಳೆಲ್ಲ ಕೈಯಲ್ಲಿರಲಿ.