ಬೀದಿಯ ಛಾಯಾಚಿತ್ರ

ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಗಳ ಬಳಿ ನಿಂತರೆ ಚಿತ್ರಕ್ಕೆ ವಿಷಯವನ್ನು ಹುಡುಕಬೇಕಾದುದಿಲ್ಲ. ಆದರೆ ನಾವು ಕ್ಯಾಮರಾ ಎತ್ತಿದೊಡನೆ ಹಣ್ಣು ಆರಿಸುವ ಹೆಂಗಸು ಸೆರಗು ಸರಿಪಡಿಸಿಕೊಂಡು ನೆಟ್ಟಗೆ ನಿಲ್ಲುತ್ತಾಳೆ. ನಮಗೆ ಬೇಕಾದ ಕೆಲಸವೇ ನಿಂತುಹೋಗುತ್ತದೆ. ಅಡಗಿ ತೆಗೆಯುವುದು ಇದಕ್ಕೆ ಉಪಾಯವಲ್ಲ. ಮೊದಲು ಮಾತನಾಡಿಸಿ, ಒಪ್ಪಿಗೆ ಪಡೆದು, ಆಕೆ ನಮ್ಮನ್ನು ಮರೆತು ಕೆಲಸದಲ್ಲಿ ತೊಡಗುವವರೆಗೂ ಕಾಯತಕ್ಕದ್ದು. ಬೇಡವೆಂದರೆ ಅಲ್ಲಿಗೇ ಬಿಡತಕ್ಕದ್ದು. ಸಾಮಾನ್ಯ ಜನರ ನಿತ್ಯಜೀವನವನ್ನು ಚಿತ್ರಿಸಿದ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರಿಗೆ 1977ರಲ್ಲಿ ಪದ್ಮಶ್ರೀ ದೊರೆಯಿತು. ಅವರ ಚಿತ್ರಗಳನ್ನು ನಮ್ಮ ಹುಡುಗಿಯರು ನೋಡಲೇಬೇಕು.

ಬೆಳಗಿನ ಓರೆಬಿಸಿಲು ಉತ್ತಮ; ನಡುಹಗಲಿನ ಬಿಸಿಲಿನಲ್ಲಿ ಕಣ್ಣುಗಳು ನೆರಳಿನಲ್ಲಿ ಮುಚ್ಚಿಹೋಗುವುವು. ಕೈಗಳ ಚಲನೆ ಮಸುಕಾಗದಂತೆ ಸೆಕೆಂಡಿನ 250ನೆಯ ಒಂದು ಭಾಗದ ವೇಗವನ್ನಿಡಬಹುದು. ಮೊಬೈಲಿನ ಚಿತ್ರವು ಕ್ಷಣದಲ್ಲಿ ಊರೂರಿಗೆ ಹರಡುವುದಷ್ಟೆ. ಆದುದರಿಂದ ಅದನ್ನು ಬೇರೆಯವರಿಗೆ ಕಳುಹಿಸುವುದಕ್ಕೆ ಮುಂಚೆ ಆಕೆಗೇ ತೋರಿಸಿ ಕೇಳಬೇಕು.