ಹಾಡಿಯ ಮಕ್ಕಳಿಗೆ, ಕಾಲೇಜು ಸೇರುವ ಮುನ್ನ

ಮಕ್ಕಳೇ, ಎರಡನೇ ಪಿಯುಸಿ ಪರೀಕ್ಷೆ ಬರೆದು ಕೂತಿದ್ದೀರಿ. ಫಲಿತಾಂಶ ಬರಲಿ, ಆಮೇಲೆ ನೋಡಿದರಾಯಿತು ಅನ್ನುವವರ ಮಾತು ಕೇಳಬೇಡಿ. ಆಶ್ರಮ ಶಾಲೆಯ ಮೇಷ್ಟ್ರಾಗಿ ನಾನು ಕಂಡಿದ್ದೇನೆ: ಅಂಕ ಚೆನ್ನಾಗಿದ್ದೂ ಕಾಗದ ಸರಿಯಿಲ್ಲದೆ ಸೀಟು ಕಳೆದುಕೊಂಡವರಿದ್ದಾರೆ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಕಾರ್ಡು, ಜಾತಿ ಪ್ರಮಾಣಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ‘ಕಾವ್ಯ’, ಇನ್ನೊಂದರಲ್ಲಿ ‘ಕಾವ್ಯ ಬಿ.’ ಎಂದಿದ್ದರೆ ಈಗಲೇ ನಾಡಕಚೇರಿಗೆ ಹೋಗಿ ವಿಚಾರಿಸಿ. ಜಾತಿಯ ಹೆಸರನ್ನಂತೂ ಅಕ್ಷರ ಬಿಡದೆ ಓದಿ. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಕಾಡುಕುರುಬ ಎಂದಷ್ಟೇ ಇದ್ದುದರಿಂದ ಬೆಟ್ಟಕುರುಬರ ಮಕ್ಕಳು ಎಷ್ಟು ಅಲೆದರು! 2022ರಲ್ಲಿ ಸಂಸತ್ತು ತಿದ್ದುಪಡಿಗೆ ಒಪ್ಪಿದ ಮೇಲೆ ಆ ಹೆಸರೂ ಪಟ್ಟಿಗೆ ಸೇರಿತು. ಅಲ್ಲಿಯವರೆಗೆ ಅವರು ಪಟ್ಟ ಪಾಡು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ದಾರಿಗಳು ಹಲವಿವೆ. ರಾಜ್ಯದಲ್ಲಿ ನಮ್ಮ ಮೀಸಲು ಶೇ 3ರಿಂದ 7ಕ್ಕೆ ಏರಿದೆ, ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಶೇ 7.5. ಅಲ್ಲಿಗೆ ಬರೆಯುವ ಪ್ರವೇಶ ಪರೀಕ್ಷೆ ಸಿಯುಇಟಿಯನ್ನು ಕನ್ನಡದಲ್ಲೂ ಬರೆಯಬಹುದು. ಕಲಬುರಗಿ ಬಳಿಯ ಕಡಗಂಚಿಯಲ್ಲೇ ಅಂಥದೊಂದು ವಿಶ್ವವಿದ್ಯಾಲಯ ಇದೆ. ವಿಜ್ಞಾನ ಓದಿದವರು ಪೊನ್ನಂಪೇಟೆಯ ಅರಣ್ಯ ಕಾಲೇಜನ್ನು ಮರೆಯಬೇಡಿ. ಕಾಡು ಬಲ್ಲ ಮಕ್ಕಳು ಅಲ್ಲಿ ಇನ್ನಷ್ಟು ಇರಬೇಕು. ಜೇನುಕುರುಬರ, ಕೊರಗರ ಮಕ್ಕಳು ಪಂಗಡದೊಳಗೇ ಮುಂದುವರಿದವರೊಂದಿಗೆ ಪೈಪೋಟಿಗೆ ನಿಲ್ಲಬೇಕಾಗಿದೆ. ಅವರಿಗೆ ಬೇರೆ ಆಸರೆ ಬೇಕೇಬೇಕು ಎನ್ನುತ್ತೇನೆ ನಾನು.

ವಿದ್ಯಾರ್ಥಿವೇತನದ ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ಹಾಸ್ಟೆಲ್ ಅರ್ಜಿಯನ್ನು ಕರೆದ ದಿನವೇ ಹಾಕಿ.

ಸೀಟು ಸಿಕ್ಕಿತು ಅನ್ನಿ. ಮೊದಲ ಸೆಮಿಸ್ಟರೇ ಕಷ್ಟ. ಪಾಠ ಇಂಗ್ಲಿಷಿನಲ್ಲಿ ಓಡುತ್ತದೆ, ಪಕ್ಕದವರು ಸರಸರ ಬರೆಯುತ್ತಾರೆ, ನಿಮಗೆ ಅರ್ಧವೂ ಹಿಡಿಯುವುದಿಲ್ಲ. ಹಿಂದಿನ ಬೆಂಚಿಗೆ ಜರುಗಬೇಡಿ. ತರಗತಿ ಮುಗಿದ ಮೇಲೆ ಮೇಷ್ಟ್ರನ್ನು ತಡೆದು, ‘ಸಾರ್, ಇದು ಅರ್ಥವಾಗಲಿಲ್ಲ, ಕನ್ನಡದಲ್ಲಿ ಒಮ್ಮೆ ಹೇಳಿ’ ಅಂತ ಕೇಳಿ. ಮೀಸಲಿನಲ್ಲಿ ಬಂದವರು ಅಂತ ಯಾರಾದರೂ ಮೂದಲಿಸಿದರೆ ತಲೆ ತಗ್ಗಿಸಬೇಡಿ. ಅದು ಸಂವಿಧಾನ ಕೊಟ್ಟ ಹಕ್ಕು. ಮೂದಲಿಕೆ ನಿಲ್ಲದಿದ್ದರೆ ಬರಹದಲ್ಲಿ ದೂರು ಕೊಡಿ, ಅದಕ್ಕಾಗಿಯೇ ಕಾಲೇಜುಗಳಲ್ಲಿ ಎಸ್ಸಿ, ಎಸ್ಟಿ ಘಟಕ ಇರುತ್ತದೆ.

ಹಾಡಿಯ ಹೆಸರನ್ನು ಬಚ್ಚಿಡಲೂ ಬೇಡಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಾದ ಸಿ. ಮಾದೇಗೌಡರು ಪಿಎಚ್‌.ಡಿ. ಪಡೆದವರು, ತಮ್ಮ ಜನರ ಅರಣ್ಯ ಹಕ್ಕಿಗಾಗಿಯೇ ದುಡಿದವರು. 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು.

ಇನ್ನೊಂದು ಮಾತು. ದಸರಾ ರಜೆಗೆ ಬಂದವರು ಕೆಲವರು ಹಿಂದಿರುಗಿ ಹೋಗುವುದೇ ಇಲ್ಲ. ಒಂದು ವಾರ ಕಾಫಿ ತೋಟದ ಕೂಲಿಗೆ ಹೋಗಿ ಕೈಗೆ ಕಾಸು ಬಂದರೆ ಕಾಲೇಜು ದೂರವಾಗುತ್ತದೆ. ಹೊರಡುವ ದಿನವನ್ನು ಬಂದ ದಿನವೇ ಅವ್ವನಿಗೆ ಹೇಳಿಬಿಡಿ. ಬಸ್ಸಿನ ದುಡ್ಡನ್ನು ಬೇರೆ ಎತ್ತಿಡಿ. ವಿದ್ಯಾರ್ಥಿವೇತನ ಬರುವ ಮುನ್ನವೇ ಪೂರ್ತಿ ಫೀಸು ಕಟ್ಟು ಎಂದು ಕಾಲೇಜಿನವರು ಹೇಳಿದರೆ ಗಂಟುಮೂಟೆ ಕಟ್ಟಿಕೊಂಡು ಬರಬೇಡಿ. ತಾಲ್ಲೂಕಿನ ಪರಿಶಿಷ್ಟ ವರ್ಗಗಳ ಕಲ್ಯಾಣ ಕಚೇರಿಗೆ ಹೋಗಿ ಅರ್ಜಿ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಒಬ್ಬರೇ ಹೋಗಲು ಅಳುಕಾದರೆ ನನ್ನನ್ನು ಕರೆಯಿರಿ, ಜೊತೆಗೆ ಬರುತ್ತೇನೆ.